ಆರನೇ ಸ್ಟೂಲು

ಯುಗಾದಿ ಕಳೆದ ಮೂರನೆಯ ದಿನ, ಹಗರಿಬೊಮ್ಮನಹಳ್ಳಿಯ ಗುರುಸಂಗಪ್ಪನ ಜವಳಿ ಅಂಗಡಿಯಲ್ಲಿ ಸೀರೆ ಮಾರುವ ಆರು ಹೆಣ್ಣುಮಕ್ಕಳ ಆರು ಸ್ಟೂಲುಗಳನ್ನು ಹಗ್ಗ ಕಟ್ಟಿ ಮೂರನೇ ಮಹಡಿಯ ಗೋಡೌನಿಗೆ ಸಾಗಿಸಲಾಯಿತು. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ಯಾರೂ ಕೂರಬಾರದು ಎಂದು ಗೋಡೆಗೆ ಒಂದು ಹಾಳೆ ಅಂಟಿಸಲಾಯಿತು.

ಸ್ಟೂಲುಗಳನ್ನು ಹೊತ್ತು ಮೆಟ್ಟಿಲು ಹತ್ತುತ್ತಿದ್ದವನು ಹೊಸಬ.

ಅದೇ ಹೊತ್ತಿಗೆ ನೂರೀನ ತೋಳ ತುಂಬ ಸೀರೆ ಹೊತ್ತು ಇಳಿಯುತ್ತಿದ್ದಳು. ಮೆಟ್ಟಿಲಿನ ತಿರುವಿನಲ್ಲಿ ಇಬ್ಬರೂ ಎದುರಾಬದುರಾ ನಿಂತರು.

"ಸ್ವಲ್ಪ ದಾರಿ ಬಿಡ್ತೀರೇನ್ರಿ?" ಅಂದ ಅವನು, ಏದುಸಿರಿನಲ್ಲಿ.

"ಬಿಡ್ತೀನ್ರಿ. ಪುಣ್ಯದ ಕೆಲಸಕ್ಕ ಹೊಂಟೀರಿ... ಅಡ್ಡ ಬರಬಾರದು!"

ಅವನ ಮುಖ ಕೆಂಪಾಯಿತು. "ಓನರ್ ಹೇಳಿದ್ರು... ನಾನು ಇವತ್ತೇ ಬಂದಿರೋದು, ಹರಪನಹಳ್ಳಿಯಿಂದ. ಇಶ್ತಿಯಾಕ ಅಂತ. ಪೀಕೋ, ಫಾಲ್ ಹೊಲಿಯೋಕೆ."

"ಹೊಲಿಯಾಕ ಬಂದೋರು ಹೊರಾಕ ಹತ್ತೀರಲ್ಲ! ನಾಳಿ ಆ ಮನುಷ್ಯ ನಮ್ಮ ಕಾಲು ಕಡದು ಮ್ಯಾಲೆ ಇಡು ಅಂದ್ರ, ಅವನ್ನೂ ಹಿಂಗs ಹೊರ್ತೀರೇನು?"

ನೂರೀನ ಮುಖ ತಿರುಗಿಸಿ ಹೆಜ್ಜೆ ಇಟ್ಟಳು. ಅವಳ ದುಪಟ್ಟಾದ ಅಂಚು ಸ್ಟೂಲಿನ ಮೊಳೆಗೆ ಸಿಕ್ಕಿಕೊಂಡಿತ್ತು.

"ನಿಲ್ಲಿ, ಬಿಡಿಸ್ತೀನಿ..."

"ನೀವು ಬಿಡಿಸೋದು ಬ್ಯಾಡ!"

ಅವಳು ಜಗ್ಗಿದಳು. ದುಪಟ್ಟಾ ಪರ್ರನೆ ಹರಿಯಿತು. ಹಗ್ಗದಿಂದ ಜಾರಿದ ಒಂದು ಸ್ಟೂಲು ಧಡಧಡ ಉರುಳಿ ಕೆಳಗೆ ಬಿದ್ದು ಕಾಲು ಮುರಿದುಕೊಂಡಿತು.

ಅದು ಅವಳದೇ ಸ್ಟೂಲು.

ನೂರೀನ ಅದನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಆ ನೋಟದಲ್ಲಿ ಕೋಪ ಇದ್ದಿದ್ದರೆ ಇಶ್ತಿಯಾಕ ತಡೆದುಕೊಳ್ಳುತ್ತಿದ್ದನೇನೋ... ಇದ್ದದ್ದು ಹೇಸಿಗೆ!

* * *

ಕೂರುವುದನ್ನು ನಿಷೇಧಿಸುವ ಜ್ಞಾನ ಗುರುಸಂಗಪ್ಪನಿಗೆ ತಾನಾಗಿ ಹುಟ್ಟಿದ್ದಲ್ಲ. ಅಷ್ಟು ಬುದ್ಧಿ ಅವನಿಗಿರಲಿಲ್ಲ. ಹೊಸಪೇಟೆಯ ಹೋಟೆಲೊಂದರಲ್ಲಿ ಟೈ ಕಟ್ಟಿದವನೊಬ್ಬ ಒಂದು ದಿನದ ತರಬೇತಿ ಕೊಟ್ಟಿದ್ದ. ಸೇಲ್ಸ್ ಹುಡುಗಿಯರು ನಿಂತಿದ್ದರೆ ಗಿರಾಕಿಗೆ ಮರ್ಯಾದೆ ಕೊಟ್ಟಂತೆ ಕಾಣುತ್ತದೆಯಂತೆ. ಅದನ್ನು ಗುರುಸಂಗಪ್ಪ ಮೆತ್ತನೆಯ ಕುರ್ಚಿಯಲ್ಲಿ ಕುಳಿತು ಕಲಿತು ಬಂದ. ಮೆತ್ತನೆಯ ಕುರ್ಚಿಯಲ್ಲಿ ಕುಳಿತು ಜಾರಿಗೆ ತಂದ.

ಅವನ ಅಪ್ಪ ಮರುಳಪ್ಪ ಹೀಗಿರಲಿಲ್ಲ. ಹಳೆಯ ಅಂಗಡಿಯಲ್ಲಿ ಬಿಳಿ ಗಾದಿ ಹಾಸಿರುತ್ತಿತ್ತು. ಮದುವೆ ಜವಳಿಗೆ ಬಂದವರೂ ಮಾರುವವರೂ ಅದರ ಮೇಲೆಯೇ ಕೂರುತ್ತಿದ್ದರು. ಮೊದಲ ಸೀರೆಯನ್ನು ಮರುಳಪ್ಪ ಮನೆಯ ಹಿರಿಯಳ ಎದುರು ಮಂಡಿಗೆ ಮಂಡಿ ತಾಗುವ ಹಾಗೆ ಕುಳಿತು, ಅವಳ ಉಡಿಗೆ ಹಾಕಿಯೇ ವ್ಯಾಪಾರ ಶುರು ಮಾಡುತ್ತಿದ್ದ. ಆ ಗಾದಿಯ ಮೇಲೆ ಬೆಳೆದ ಮಗನಿಗೆ ಈಗ ಬೇರೆಯವರು ಕುಳಿತರೆ ಕಣ್ಣುರಿ!

ಅಂಗಡಿಗೆ ಕೊಟ್ರಸ್ವಾಮಿ ಎಂಬ ಮ್ಯಾನೇಜರ್ ಇದ್ದ. ಅವನಿಗೊಂದು ತಿರುಗುವ ಕುರ್ಚಿ, ಎದುರಿಗೆ ಕ್ಯಾಮೆರಾದ ಪರದೆ, ಕೈಗೊಂದು ಬೆಲ್ಲು. ಯಾರಾದರೂ ಕಪಾಟಿಗೆ ಒರಗಿದರೆ ಸಾಕು...

ಟ್ರಿಣ್!

ಬಿ.ಕಾಂ. ಓದಿದ ಗಂಡಸು. ದಿನವಿಡೀ ಅವನು ಮಾಡುತ್ತಿದ್ದ ಕೆಲಸ ಇದೊಂದೇ.

ಆರು ಜನರಲ್ಲಿ ಹಿರಿಯಳಾದ ಹಂಪಕ್ಕ ಆ ಅಂಗಡಿಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಇದ್ದಳು. ಅವಳ ಮೀನಖಂಡದ ತುಂಬ ನೀಲಿ ನರಗಳು ಹುರಿ ಹೊಸೆದಂತೆ ಉಬ್ಬಿದ್ದವು. ನೂರೀನ ಸೇರಿ ಆರು ವರ್ಷ. ಅವಳ ಎಡ ಹಿಮ್ಮಡಿಯಲ್ಲಿ ಮುಳ್ಳು ಮುರಿದಂಥ ನೋವು.

ಮ್ಯಾನೇಜರನನ್ನು ಬಿಟ್ಟರೆ ಹತ್ತೂವರೆ ಗಂಟೆ ಕುಳಿತೇ ಇರುವ ಕೆಲಸಗಾರ ಇಡೀ ಅಂಗಡಿಯಲ್ಲಿ ಒಬ್ಬನೇ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಇಶ್ತಿಯಾಕ.

"ರಾಜರು ಕುಂತಾರ ನೋಡು ಸಿಂಹಾಸನದಾಗ," ಎಂದು ಕಿರಿಯವಳಾದ ಗಾದೆಮ್ಮ ಅವನಿಗೆ ಕೇಳುವಂತೆಯೇ ಅನ್ನುತ್ತಿದ್ದಳು.

ಅವನು ತಲೆ ಎತ್ತುತ್ತಿರಲಿಲ್ಲ. ಆದರೆ ಹದಿನೈದು ದಿನ ಆದ ಮೇಲೆ ಒಂದು ಮಧ್ಯಾಹ್ನ ಎದ್ದು ಗುರುಸಂಗಪ್ಪನ ಎದುರು ನಿಂತ.

"ಸಾರ್, ರೇಷ್ಮೆ ಸೀರೆ ಜಾರ್ತೈತೆ. ಫಾಲ್ ಹಚ್ಚೋವಾಗ ಎದುರು ಒಬ್ರು ಕೂತು ಅಂಚು ಹಿಡೀಬೇಕು. ಇಲ್ಲಾಂದ್ರೆ ಸುಕ್ಕು ಬಿದ್ದು ಗಿರಾಕಿ ವಾಪಸ್ ತರ್ತಾರೆ."

ವಾಪಸ್ ಎಂಬ ಮಾತು ಕೇಳಿದರೆ ಗುರುಸಂಗಪ್ಪನಿಗೆ ಎದೆ ಹಿಡಿದಂತಾಗುತ್ತಿತ್ತು. ಒಪ್ಪಿದ.

ಅಂದಿನಿಂದ ಹತ್ತತ್ತು ನಿಮಿಷ ಸರದಿಯ ಮೇಲೆ ಒಬ್ಬೊಬ್ಬರು ಮೆಟ್ಟಿಲ ಕೆಳಗೆ ಬಟ್ಟೆಗಂಟಿನ ಮೇಲೆ ಕುಳಿತು ಅಂಚು ಹಿಡಿಯತೊಡಗಿದರು. ಮೊದಲು ಹಂಪಕ್ಕ. ಕುಳಿತವಳೇ ಅವಳು ಕಣ್ಣು ಮುಚ್ಚಿಕೊಂಡಳು. ಇಶ್ತಿಯಾಕ ಅವಳ ಕೈಗೆ ಸೀರೆಯ ತುದಿ ಕೊಟ್ಟು, ಬೇಕಿಲ್ಲದಷ್ಟು ನಿಧಾನ ಹೊಲಿಯುತ್ತಾ ಹೋದ.

ನೂರೀನ ಮಾತ್ರ ಹೋಗಲಿಲ್ಲ. ಒಂದು ವಾರ ತನ್ನ ಸರದಿಯನ್ನೂ ಹಂಪಕ್ಕನಿಗೆ ಕೊಟ್ಟಳು. ಎಂಟನೆಯ ದಿನ ಹಿಮ್ಮಡಿ ಕೇಳಲಿಲ್ಲ. ಹೋಗಿ ಕುಳಿತಳು.

"ಒಂದು ಮಾತು ಕೇಳ್ತೀನಿ. ಯಾವ ಊರಾಗ್ರಿ ಫಾಲ್ ಹಚ್ಚಾಕ ಇಬ್ಬರು ಬೇಕು?"

"ನಮ್ಮ ಹರಪನಹಳ್ಳೀಲಿ."

"ನಮ್ಮಮ್ಮ ಹತ್ತು ವರ್ಷ ಮನ್ಯಾಗ ಫಾಲ್ ಹಚ್ಯಾಳ. ಒಬ್ಬಾಕಿನ. ಸುಳ್ಳು ಹೇಳಬ್ಯಾಡ್ರಿ."

"ಸುಳ್ಳೇ," ಅಂದ ಇಶ್ತಿಯಾಕ, ಸೂಜಿಯಿಂದ ಕಣ್ಣು ತೆಗೆಯದೆ. "ಹೊತ್ಕೊಂಡು ಹೋದವನು ನಾನೇ ಅಲ್ವೇನ್ರಿ. ಆರು ಸ್ಟೂಲು ವಾಪಸ್ ತರೋ ಧೈರ್ಯ ಇಲ್ಲ. ಅದಕ್ಕೇ ಇದು."

ನೂರೀನಳಿಗೆ ನಗು ಬಂತು. ತಡೆದುಕೊಂಡಳು. ಮತ್ತೆ ಬಂತು!

ಇಬ್ಬರ ನಡುವೆ ಗಿಳಿಹಸಿರು ರೇಷ್ಮೆ ಹರಡಿತ್ತು. ಈ ತುದಿಯಲ್ಲಿ ಅವಳ ಬೆರಳು, ಆ ತುದಿಯಲ್ಲಿ ಅವನದು. ಯಂತ್ರದ ನಡುಕ ಸೀರೆಯ ಗುಂಟ ಬಂದು ಅವಳ ಅಂಗೈ ಮುಟ್ಟುತ್ತಿತ್ತು.

'ಹತ್ತು ನಿಮಿಷ ಇಷ್ಟು ಬೇಗ ಆಗ್ತೈತೇನು...'

ಮರುದಿನ ಅವಳು ಹರಿದ ದುಪಟ್ಟಾವನ್ನು ಮಡಚಿ ಯಂತ್ರದ ಮೇಲಿಟ್ಟು ಹೋದಳು. ಸಂಜೆ ಅದು ಪೀಕೋ ಆಗಿ ಅಲ್ಲೇ ಇತ್ತು. ಹರಿದ ಗುರುತೂ ಇರಲಿಲ್ಲ.

* * *

ಎರಡು ತಿಂಗಳು ಕಳೆಯಿತು. ಗುರುಸಂಗಪ್ಪ ಹೂವಿನಹಡಗಲಿಯಲ್ಲಿ ಇನ್ನೊಂದು ಅಂಗಡಿ ತೆರೆದು ಕೊಟ್ರಸ್ವಾಮಿಯನ್ನು ಬೆಲ್ಲಿನ ಸಮೇತ ಅಲ್ಲಿಗೆ ಕಳಿಸಿದ. ಮಾರನೆಯ ದಿನ ನೂರೀನಳಿಗೆ ಸಾವ್ಕಾರನಿಂದ ಕರೆ ಬಂತು.

"ಬಾರವ್ವ. ನಿನ್ನ ಅದೃಷ್ಟ ತೆರಿತು! ಸೋಮವಾರದಿಂದ ನೀನs ಮ್ಯಾನೇಜರ್. ಪಗಾರ ಒಂದೂವರಿ ಪಟ್ಟು. ಕೋಟು ಹೊಲಿಸ್ತೀನಿ. ಈ ಕುರ್ಚಿ ನಿಂದು."

ಅವಳಿಗೆ ನಂಬಿಕೆ ಬರಲಿಲ್ಲ. "ನಾನು... ಸೀರಿ ಮಾರೋದು?"

"ಯಾಕ ಮಾರ್ತಿ? ಮ್ಯಾನೇಜರ್ ಆದೋರು ಸೀರಿ ಮುಟ್ಟಂಗಿಲ್ಲ. ಈ ಪರದೆ ನೋಡೋದು, ಯಾರು ಒರಗಿದ್ರು, ಯಾರು ಕುಂತ್ರು ಅಂತ ಬರದಿಡೋದು, ಬೆಲ್ ಹೊಡಿಯೋದು. ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳs ಸರಿ." ಅವನು ಹಲ್ಲು ಬಿಟ್ಟ. "ಆ ಮೆಟ್ಟಲ ಕೆಳಗಿನ ನಾಟಕ ನನಗ ಗೊತ್ತಿಲ್ಲ ಅಂದ್ಕಂಡೀಯೇನು? ಮೊದಲು ಅದನ್ನ ಬಂದ್ ಮಾಡು."

ನೂರೀನಳ ಕಣ್ಣು ಮೆಟ್ಟಿಲ ಕೆಳಗೆ ಹೋಯಿತು.

"ಮತ್ತ ಇನ್ನೊಂದು ಹೇಳ್ತೀನಿ. ನಿನ್ನ ಹೆಸರು ಹೇಳಿದವ ಯಾರು ಗೊತ್ತೇನು? ಆ ಪೀಕೋದವನs! ನೂರೀನಾಗ ಕೊಡ್ರಿ ಅಂತ ತಾನಾಗಿ ಬಂದು ಹೇಳ್ಯಾನ."

ಅವಳ ಕಿವಿಯಲ್ಲಿ ಗುಂಯ್ ಎಂದಿತು.

ಇಶ್ತಿಯಾಕನಾ?... ಸುಳ್ಳು ಹೇಳಿ ಆರು ಜನರನ್ನು ಕೂರಿಸಿದವನಾ?

ನೇರ ಮೆಟ್ಟಿಲ ಕೆಳಗೆ ಹೋದಳು. "ಖರೇನಾ?"

ಅವನಿಗೆ ಅರ್ಥವಾಯಿತು. ಯಂತ್ರ ನಿಲ್ಲಿಸಿದ. "ಖರೇನೆ... ಕೇಳ್ರಿ ಸ್ವಲ್ಪ. ನೀವು ಎಡಗಾಲು ಎತ್ತಿ ಎತ್ತಿ ನಿಲ್ಲೋದು ದಿನಾ ನೋಡ್ತೀನಿ. ಆರು ಜನಕ್ಕೂ ಕೇಳಿದ್ರೆ ಈ ಮನುಷ್ಯ ಕೊಡಲ್ಲ. ಒಬ್ರಾದ್ರೂ ಕೂರಲಿ ಅಂತ... ಆ ಒಬ್ರು ನೀವೇ ಆಗಲಿ ಅಂತ... ನನಗೆ ನೀವು ಅಂದ್ರೆ..."

"ಸಾಕು!"

ಅವಳ ದನಿಗೆ ಕಪಾಟಿನ ಹತ್ತಿರ ನಿಂತಿದ್ದ ಐವರೂ ತಿರುಗಿದರು.

"ಐದು ಮಂದಿ ಬೆನ್ನ ಮ್ಯಾಲೆ ನನಗೊಂದು ಕುರ್ಚಿ ಹಾಕಿಸೀರಿ! ಹಂಪಕ್ಕ ಒರಗಿದ್ರ ಬೆಲ್ ಹೊಡಿ, ಗಾದೆಮ್ಮ ಕುಂತ್ರ ಹೆಸರು ಬರಿ... ಇದಕ್ಕ ನಿಮ್ಮೂರಾಗ ಪ್ರೀತಿ ಅಂತಾರೇನು? ನಮ್ಮೂರಾಗ ದಲ್ಲಾಳಿ ಕೆಲಸ ಅಂತಾರ!"

"ನೂರೀನಾ..."

"ಹೆಸರು ಹಿಡೀಬ್ಯಾಡ್ರಿ. ಮೊದಲ ದಿನ ನಿಮ್ಮನ್ನ ಸರಿಯಾಗೇ ನೋಡಿದ್ದೆ ನಾನು. ಹೇಳಿದ್ದನ್ನ ಹೊರೋ ಮನುಷ್ಯ ನೀವು. ಅಷ್ಟs!"

ಅವಳು ತಿರುಗಿದಾಗ ಗಾದೆಮ್ಮ ಬದಿಗೆ ಸರಿದು ದಾರಿ ಬಿಟ್ಟಳು. "ಬರ್ರಿ ಬರ್ರಿ, ಮ್ಯಾನೇಜರ್ ಮೇಡಂ. ನಾವು ಒರಗಿಲ್ಲ, ನೋಡ್ಕಳ್ರಿ."

ಹಂಪಕ್ಕ ಕಪಾಟಿನಿಂದ ಬೆನ್ನು ಬಿಡಿಸಿಕೊಂಡು ನೆಟ್ಟಗೆ ನಿಂತಳು.

ಗಾದೆಮ್ಮನ ಮಾತಿಗಿಂತ ಅದೇ ನೂರೀನಳನ್ನು ಹೆಚ್ಚು ಚುಚ್ಚಿತು.

* * *

ಭಾನುವಾರ ರಜೆ. ಅವಳ ತಾಯಿ ಸುಲ್ತಾನಬಿ ಬಿಸಿನೀರಿನ ಬೋಗುಣಿ ತಂದು ಮಗಳ ಕಾಲನ್ನು ಅದರಲ್ಲಿಟ್ಟಳು.

"ಒಪ್ಕಳಬೇ. ಕಾಲಿಗೆ ಆರಾಮ ಸಿಗ್ತೈತಿ. ಮ್ಯಾನೇಜರ್ ಅಂದ್ರ ಸಂಬಂಧಾನೂ ಚಲೋ ಬರ್ತಾವ."

"ಕುರ್ಚಿ ನೋಡಿ ಬರೋ ಸಂಬಂಧ ಕುರ್ಚಿನ ಮದಿವಿ ಆಗಲಿ, ಅಮ್ಮಾ."

"ಬಾಯಿ ನೋಡು! ಸೀರಿ ಬಿಚ್ಚಿ ಮಡಚೋದ್ರಾಗ ಅಂಥಾದ್ದೇನೈತಿ ನಿನಗ?"

ನೂರೀನ ನೀರಿನಲ್ಲಿ ಕಾಲಾಡಿಸಿದಳು.

"ಹೋದ ತಿಂಗಳು ಕಾನಹೊಸಹಳ್ಳಿಯಿಂದ ಒಂದು ಮದಿವಿ ಜವಳಿ ಬಂದಿತ್ತಮ್ಮಾ. ಅತ್ತಿ ಆಗೋಳು ಬರೇ ಕಂದು ಬಣ್ಣದ್ದು ಆರಸ್ತಿದ್ಳು. ಮದಿಮಗಳು ಬಾಯಿ ಬಿಡಲಿಲ್ಲ. ಆದ್ರ ಒಂದು ಗಿಳಿಹಸಿರು ಸೀರಿನ ಮೂರು ಸಲ ಬೆರಳಿಂದ ಮುಟ್ಟಿದ್ಳು, ಯಾರೂ ನೋಡದಂಗ. ನಾನು ಅದನ್ನ ತಗೊಂಡು ಅತ್ತಿ ಹೆಗಲ ಮ್ಯಾಲೆ ಹಾಕಿ ಕನ್ನಡಿ ತೋರಿಸ್ದೆ. ಏನ್ ಒಪ್ತೈತ್ರಿ ನಿಮಗ ಅಂದೆ. ಉಬ್ಬಿದ್ಳು! ಎರಡು ತಗೊಂಡ್ಳು... ತನಗೊಂದು, ಸೊಸಿಗೊಂದು. ಆಗ ಆ ಹುಡುಗಿ ನನ್ನ ನೋಡಿದ್ಳಲ್ಲ... ಆ ಕಣ್ಣು ಯಾವ ಪರದೆ ಮ್ಯಾಲೆ ಕಾಣ್ತೈತಮ್ಮಾ?"

ಸುಲ್ತಾನಬಿ ಬೋಗುಣಿಗೆ ಇನ್ನಷ್ಟು ಬಿಸಿನೀರು ಹೊಯ್ದಳು.

"ಆ ಹುಡುಗ?" ಆಮೇಲೆ ಕೇಳಿದಳು, ಮೆಲ್ಲಗೆ. "ದುಪಟ್ಟಾ ಹೊಲಿದವ?"

"ಯಾವ ಹುಡುಗ? ಯಾರೂ ಇಲ್ಲ!"

ಅಂದಳು. ಆದರೆ ಅದೇ ದುಪಟ್ಟಾದ ಅಂಚನ್ನು ಅವಳ ಬೆರಳು ಹುಡುಕುತ್ತಿತ್ತು. ಹರಿದದ್ದು ಎಲ್ಲಿ ಎಂದು ಗೊತ್ತಾಗದ ಹಾಗೆ ಹೊಲಿದವನು ಇಷ್ಟು ದೊಡ್ಡ ತಪ್ಪು ಹೇಗೆ ಮಾಡಿದ?...

* * *

ಸೋಮವಾರ. ತಿರುಗುವ ಕುರ್ಚಿಯನ್ನು ಅಂಗಡಿಯ ನಡುಮಧ್ಯಕ್ಕೆ ತಂದು ಚೆಂಡುಹೂವಿನ ಹಾರ ಹಾಕಿದ್ದರು. ಕುರ್ಚಿಗೆ ಹಾರ! ಮನುಷ್ಯರ ಕಾಲು ಬಾತುಕೊಂಡರೂ ಕಣ್ಣೆತ್ತಿ ನೋಡದ ಅಂಗಡಿಯಲ್ಲಿ ಕಬ್ಬಿಣಕ್ಕೂ ರೆಕ್ಸಿನಿಗೂ ಆರತಿ.

ಹೊತ್ತಿಗೆ ಸರಿಯಾಗಿ ಮಾಗಳದಿಂದ ಹದಿನಾಲ್ಕು ಜನ ಮದುವೆ ಜವಳಿಗೆ ಬಂದಿಳಿದರು. ಮುಂದಾಳು ಕೊಟ್ರಬಸಮ್ಮ, ಎಂಬತ್ತರ ಮುದುಕಿ. ಒಳಗೆ ಬರುತ್ತಲೇ ಕೇಳಿದಳು:

"ನೂರೀನಾ ಅದಾಳೇನ್ರಿ? ಆಕಿ ಇದ್ರ ಕುಂದರ್ತೀನಿ, ಇಲ್ಲಾಂದ್ರ ಹೊಂಟೆ."

ನೋಡುವವರು ಸಿಕ್ಕರೆಂದು ಗುರುಸಂಗಪ್ಪ ಹಿಗ್ಗಿದ. "ಅದಾಳ, ಅದಾಳ! ಇವತ್ತಿಂದ ಆಕಿ ನಮ್ಮ ಮ್ಯಾನೇಜರ್! ಬಾರವ್ವ, ಹಿಡಿ." ಹೊಸ ಬೆಲ್ಲನ್ನು ಅವಳ ಕೈಗಿಟ್ಟ. "ಕುಂದ್ರು."

ನೂರೀನ ಕುರ್ಚಿಯನ್ನು ನೋಡಿದಳು. ಸಾಲಾಗಿ ನಿಂತಿದ್ದ ಐವರನ್ನು ನೋಡಿದಳು. ಮೆಟ್ಟಿಲ ಕೆಳಗೆ ನೋಡಬಾರದೆಂದುಕೊಂಡೇ ನೋಡಿದಳು. ಯಂತ್ರದ ಮುಂದೆ ಯಾರೂ ಇರಲಿಲ್ಲ.

'ಹೋಗಿಬಿಟ್ಟನಾ?... ಹೋಗಲಿ!' ಎದೆ ಯಾಕೋ ಖಾಲಿ ಆಯಿತು.

ಬೆಲ್ಲನ್ನು ಅವಳು ಕುರ್ಚಿಯ ಮೇಲಿಟ್ಟಳು.

"ನಾನು ಕುಂದ್ರಂಗಿಲ್ರಿ."

"ಏನಂದಿ?"

"ಸೀರಿ ಮಾರಾಕ ಬಂದಾಕಿ ನಾನು. ಸೀರಿನ ಮಾರ್ತೀನಿ. ಮಂದಿನ ಕಾಯೋ ಕೆಲಸ ನನಗ ಬ್ಯಾಡ."

"ಬುದ್ಧಿ ಕೆಟ್ಟೈತೇನು ನಿನಗ? ಇಪ್ಪತ್ತು ವರ್ಷ ನಿಂತ್ರೂ ಈ ಕುರ್ಚಿ ಯಾರಿಗೂ ಸಿಗಂಗಿಲ್ಲ!"

"ಹಂಪಕ್ಕ ಇಪ್ಪತ್ತನಾಲ್ಕು ವರ್ಷ ನಿಂತಾಳ. ಆಕಿಗೇನು ಕೊಟ್ರಿ? ನರ ಕೊಟ್ರಿ. ನಮಗ ಕುರ್ಚಿ ಬ್ಯಾಡ್ರಿ ಸಾವ್ಕಾರ್ರ. ನಮ್ಮ ಆರು ಸ್ಟೂಲು ಕೊಡ್ರಿ."

ಹಂಪಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಗಾದೆಮ್ಮ ತಲೆ ತಗ್ಗಿಸಿದಳು.

"ಹಂಗಾದ್ರ ನಿಂತs ಸಾಯಿ!" ಗುರುಸಂಗಪ್ಪ ಗಿರಾಕಿಗಳಿರುವುದನ್ನೂ ಮರೆತು ಅರಚಿದ.

ಆಗ ಮೆಟ್ಟಿಲ ಮೇಲಿಂದ ಸದ್ದು ಬಂತು. ಧಪ್... ಧಪ್... ಧಪ್.

ಇಶ್ತಿಯಾಕ ಇಳಿಯುತ್ತಿದ್ದ. ಹೆಗಲ ಮೇಲೆ ಅದೇ ಹಗ್ಗ. ಹಗ್ಗದಲ್ಲಿ ಐದು ಸ್ಟೂಲು. ಮೈಯೆಲ್ಲ ಗೋಡೌನಿನ ಧೂಳು!

"ಏ! ಯಾರು ಹೇಳಿದ್ರೋ ನಿನಗ? ಮ್ಯಾಲೆ ಒಯ್ಯಿ!"

"ಒಯ್ಯಲ್ಲ ಸಾರ್," ಅಂದ ಇಶ್ತಿಯಾಕ. ಅವನ ದನಿ ನಡುಗುತ್ತಿತ್ತು. ಆದರೂ ಇಳಿಯುತ್ತಲೇ ಇದ್ದ. "ಒಂದು ಸಲ ಒಯ್ದು ಅನುಭವಿಸೀನಿ."

"ನಿನಗ ಇವತ್ತಿಗೆ ಕೆಲಸ ಇಲ್ಲ!"

"ಬಿಡ್ರಿ, ಗೊತ್ತಿದ್ದೇ ಇಳಿಸ್ತಿದೀನಿ."

ಅವನು ಹಗ್ಗ ಬಿಚ್ಚಿದ. ಮೊದಲ ಸ್ಟೂಲನ್ನು ಹಂಪಕ್ಕನ ಹಿಂದೆ ಇಟ್ಟ. ಹಂಪಕ್ಕ ಒಮ್ಮೆ ಸಾವ್ಕಾರನನ್ನು, ಒಮ್ಮೆ ನೂರೀನಳನ್ನು ನೋಡಿದಳು... ಕುಳಿತೇಬಿಟ್ಟಳು! ಗಾದೆಮ್ಮ ಕುಳಿತಳು. ಉಳಿದ ಮೂವರೂ ಕುಳಿತರು.

ಆರನೆಯದರ ಕಾಲು ಅಂದೇ ಮುರಿದಿತ್ತು. ಇಶ್ತಿಯಾಕ ಮೆಟ್ಟಿಲ ಕೆಳಗೆ ಹೋಗಿ ತನ್ನ ಸ್ಟೂಲನ್ನೇ ತಂದು ಅವಳ ಮುಂದಿಟ್ಟ.

"ನಿಮ್ಮೊಬ್ರಿಗೆ ಕೇಳಿದ್ದು ತಪ್ಪಾಯ್ತು ನೂರೀನಾ," ಅಂದ, ಅವಳಿಗಷ್ಟೇ ಕೇಳುವಂತೆ. "ಪ್ರೀತಿ ಅಂದ್ರೆ ಒಬ್ರನ್ನ ಉಳಿಸ್ಕೊಳ್ಳೋದು ಅಂದ್ಕೊಂಡಿದ್ದೆ. ದಡ್ಡ ನಾನು."

ನೂರೀನ ಆ ಸ್ಟೂಲಿನ ಅಂಚು ಹಿಡಿದಳು. "ಇದನ್ನ ನನಗ ಕೊಟ್ರ ನೀವು ಎಲ್ಲಿ ಕುಂತು ಹೊಲಿತೀರಿ?"

"ಕೆಲಸಾನೇ ಹೋಯ್ತಲ್ರಿ. ನಿಂತ್ಕೋತೀನಿ."

"ನಿಂತು ಪೀಕೋ ಹೊಲಿಯಾಕ ಬರ್ತೈತೇನು?"

"ಬರಲ್ಲ... ಅರ್ಧ ಜಾಗ ಬಿಟ್ರೆ ಬರ್ತೈತೆ."

ಇಷ್ಟು ಜನರ ನಡುವೆ ಅವಳ ಮುಖ ಕೆಂಪೇರಿತು!

"ಅರ್ಧ ಜಾಗ ಕೇಳೋದಾದ್ರ ಇಲ್ಲಲ್ಲ, ಸಂಜಿಕ ಮನಿಗೆ ಬಂದು ಅಮ್ಮನ ಕೇಳ್ರಿ."

"ಬೈತಾರೇನೋ?"

"ಬೈಲಿ. ಬೈಸ್ಕಳ್ರಿ. ಬಾಕಿ ಐತಿ ನಿಮ್ದು."

"ಏ ಗುರುಸಂಗಾ!" ಕೊಟ್ರಬಸಮ್ಮನ ದನಿ ಅಂಗಡಿಯನ್ನೇ ಸೀಳಿತು. "ನಿಮ್ಮಪ್ಪ ಮರುಳಪ್ಪ ಮೊದಲ ಸೀರಿನ ನನ್ನ ಮುಂದ ಕುಂತು ಉಡಿಗೆ ಹಾಕ್ತಿದ್ದ. ನಿಂತು ಎಸಿಯೋ ಸೀರಿ ನಮ್ಮ ಮದಿವಿಗೆ ಬ್ಯಾಡ. ಬಾರವ್ವ ನೂರೀನಾ, ಕುಂದ್ರು, ಉಡಿಗೆ ಹಾಕು."

ನೂರೀನ ಸ್ಟೂಲನ್ನು ಮುದುಕಿಯ ಎದುರಿಗೆ ಎಳೆದುಕೊಂಡಳು. ಕುಳಿತಳು. ಮಂಡಿಗೆ ಮಂಡಿ ತಾಗಿತು. ಇಷ್ಟು ದಿನದ ನೋವು ಹಿಮ್ಮಡಿಯಿಂದ ನಿಧಾನ ಇಳಿಯತೊಡಗಿತು. ಗಿಳಿಹಸಿರು ಸೀರೆಯನ್ನು ಬಿಚ್ಚಿ ಎರಡೂ ಕೈಯಿಂದ ಹಿಡಿದಳು.

ಗುರುಸಂಗಪ್ಪ ಹಾರ ಹಾಕಿದ ಕುರ್ಚಿಯಿಂದ ಬೆಲ್ಲನ್ನು ಕಿತ್ತುಕೊಂಡು ಬಡಿದ. ಟ್ರಿಣ್! ಟ್ರಿಣ್! ಟ್ರಿಣ್!

"ಏಳ್ರಿ ಎಲ್ಲಾರೂ! ನೂರೀನಾ, ಏಳು ಮ್ಯಾಲೆ! ಕಡೀ ಸಲ ಹೇಳ್ತೀನಿ, ಏಳು!"

ಅವಳು ಸೀರೆಯನ್ನು ಮುದುಕಿಯ ಉಡಿಗೆ ಹಾಕಿದಳು. ಸೆರಗಿನ ಸುಕ್ಕನ್ನು ಅಂಗೈಯಿಂದ ಸವರಿದಳು. ತಲೆ ಎತ್ತಿ, ಅವನನ್ನು ದಾಟಿ, ಧೂಳು ಮೈಯ ಇಶ್ತಿಯಾಕನನ್ನು ನೋಡಿ ನಕ್ಕಳು.

"ಏಳಂಗಿಲ್ರಿ," ಅಂದಳು.